ಕಟ್ಟೆ ಒಡೀಬೇಕೋ ಬ್ಯಾಡೋ

ಹಳೆ ಮನೆ ಕೊಂಡವರ ಕೈಯಲ್ಲಿ ದುರಸ್ತಿಗೆಂದು ಉಳಿಯುವ ರೊಕ್ಕ ಯಾವಾಗಲೂ ಕಡಿಮೆಯೇ. ನನ್ನ ತಮ್ಮ ಜಹೀರಾಬಾದಿನ ಓಣಿಯೊಂದರಲ್ಲಿ ಮನೆ ಕೊಂಡಿದ್ದಾನೆ. ಕೆಂಪುಕಲ್ಲಿನ ಗೋಡೆ, ಅರ್ಧ ಮಣ್ಣಿನ ಮಾಳಿಗೆ, ಇನ್ನರ್ಧ ಹಿಂದಿನವರು ಹಾಕಿಸಿದ ಸ್ಲ್ಯಾಬು, ನೆಲಕ್ಕೆ ತಾಂಡೂರಿನ ಫರಸಿ, ಬಾಗಿಲ ಮುಂದೆ ಒಂದು ಕಟ್ಟೆ. ಉಳಿದಿರುವುದು ಎರಡು ಲಕ್ಷ, ಕೆಲಸದ ಪಟ್ಟಿ ಆರು ಲಕ್ಷದ್ದು. ಪಡಸಾಲೆಗೆ ಪಿಒಪಿ ಸೀಲಿಂಗು, ಹೊಳೆಯುವ ಟೈಲ್ಸು, ಅವ್ವನ ಕೋಣೆಗೆ ಹತ್ತಿದಂಗ ಬಚ್ಚಲು-ಪಾಯಖಾನೆ, ಮಾಳಿಗೆ ಸೋರುವುದಕ್ಕೆ ಮದ್ದು, ಕಟ್ಟೆ ಒಡೆದು ಗಾಡಿಗೆ ಜಾಗ. "ಅಣ್ಣ, ಯಾವುದು ಮಾಡ್ಲಿ, ಯಾವುದು ಬಿಡ್ಲಿ, ನೀನೇ ಹೇಳು" ಅಂದ. ಕೇಳಲು ಇದು ಲೆಕ್ಕದ ಪ್ರಶ್ನೆ. ನನಗೆ ಹಾಗೆ ಅನಿಸಲಿಲ್ಲ.

ನಾನೊಂದು ಅಳತೆಗೋಲು ಕೊಟ್ಟೆ. ವಾಸ್ತುಶಾಂತಿಗೆ ಒಬ್ಬರೂ ಬರೋದಿಲ್ಲ ಅಂತ ತಿಳ್ಕೋ, ಆಗಲೂ ಇದನ್ನು ಮಾಡಿಸ್ತೀಯಾ? ಈ ಮಾತಿಗೆ ಸೀಲಿಂಗು ತಾನೇ ಉದುರಿಬಿತ್ತು. ಬಚ್ಚಲು ಉಳಿಯಿತು. ಮೊಣಕಾಲು ನೋವಿನ ಅವ್ವ ಮಳೆಯ ರಾತ್ರಿಯಲ್ಲಿ ಅಂಗಳ ದಾಟಿ ಹೋಗಬೇಕಾಗಿದೆ, ಅದನ್ನು ಯಾವ ಬೀಗರೂ ಹೊಗಳುವುದಿಲ್ಲ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಸುವುದೂ ಉಳಿಯಿತು. ಸ್ಲ್ಯಾಬಿಗೆ ಮೇಲಿಂದ ಸುಣ್ಣ ಬಳಿದರೆ ಬ್ಯಾಸಿಗೆಯಲ್ಲಿ ಒಳಗೆ ಕಾವು ಇಳಿಯುತ್ತದೆ. 2023ರಲ್ಲಿ ತೆಲಂಗಾಣ ಸರ್ಕಾರ ತಂಪು ಚಾವಣಿಗೆಂದೇ ಒಂದು ನೀತಿ ತಂದಿದೆ. ಖರ್ಚು ಅತಿ ಕಡಿಮೆ, ನೋಡೋದು ಕಾಗೆ-ಮಂಗ್ಯಾ ಮಾತ್ರ. ಅದಕ್ಕೇ ಇರಬೇಕು, ಯಾರ ಪಟ್ಟಿಯಲ್ಲೂ ಅದು ಮೊದಲು ಬರುವುದಿಲ್ಲ.

ಫರಸಿಯ ಮಾತು ಸ್ವಲ್ಪ ಬೇರೆ. ತಾಂಡೂರಿನ ಕಲ್ಲು ಸುಣ್ಣದ ಕಲ್ಲು. ಪದರ ಪದರವಾಗಿ ಏಳುತ್ತದೆ, ನೀಲಿಯೂ ಉಂಟು, ಹಳದಿಯೂ ಉಂಟು. ಹುಳಿ ಬಿದ್ದರೆ ಕಲೆಯಾಗುತ್ತದೆ, ಆ್ಯಸಿಡ್ ಸುರಿದರೆ ನೊರೆ ಎದ್ದು ಕಲ್ಲೇ ತಿಂದುಹೋಗುತ್ತದೆ. ಆದರೆ ಒದ್ದೆ ಕಾಲಿಗೆ ನುಣುಪು ಟೈಲ್ಸಿನಷ್ಟು ಜಾರುವುದಿಲ್ಲ. ಸವೆದರೆ ಪಾಲಿಶ್ ಹೊಡೆಸಬಹುದು, ಕಿತ್ತು ಮತ್ತೊಂದು ಕಡೆ ಹಾಸಲೂಬಹುದು. ಹಂಗಂತ ನಮ್ಮ ಕಲ್ಲು ಪುಣ್ಯದ್ದು ಅಂತ ಹೇಳಲಾರೆ. ತಾಂಡೂರಿನ ಸುತ್ತ ಗಣಿಯ ಗುಂಡಿ, ಕಲ್ಲು ಕೊಯ್ದ ಬಿಳಿ ರಾಡಿ ಕಂಡವರಿಗೆ ಅದು ಗೊತ್ತು. ಆದರೆ ಹಾಸಿದ ಕಲ್ಲಿಗೆ ಆಗಬೇಕಾದ ಹಾನಿ ಆಗಿಹೋಗಿದೆ. ಅದನ್ನು ಕಿತ್ತು ಟೈಲ್ಸು ತಂದರೆ ಇನ್ನೆಲ್ಲೋ ಮತ್ತೊಂದು ಗುಂಡಿ ಬೀಳುತ್ತದೆ.

ಪಟ್ಟಿಯ ಕೊನೆಗೆ ತಮ್ಮನ ಹೆಂಡತಿ ಒಂದು ಸಾಲು ಸೇರಿಸಿದ್ದಳು, ಪಡಸಾಲೆಯ ಗೂಡುಗಳಿಗೆ ನವಿಲು ಬಣ್ಣ ಅಂತ. ತಮ್ಮ ಅದನ್ನು ಶೋಕಿ ಅಂದ. ಅವಳು ನನ್ನ ಕಡೆ ತಿರುಗಿ, "ಭಾವಾರ, ಹನ್ನೆರಡು ವರ್ಷ ಬಾಡಿಗಿ ಮನ್ಯಾಗ ಒಂದು ಮೊಳಿ ಹೊಡೀಲಿಕ್ಕೂ ಮಾಲಕರನ್ನ ಕೇಳೀವಿ. ಈಗರೆ ನನ್ನ ಮನಸಿನ ಬಣ್ಣ ಇರ್ಲಿ ಬಿಡ್ರಿ" ಅಂದಳು. ಯಾರೂ ಬರದಿದ್ದರೂ ಅವಳು ಆ ಬಣ್ಣ ಹಚ್ಚುವವಳೇ. ಶೃಂಗಾರವೆಲ್ಲ ತೋರಿಕೆಯಲ್ಲ. ಎರಡು ಡಬ್ಬಿ ಬಣ್ಣ ಬರೆದುಕೊಂಡೆವು.

ನನ್ನ ಅಳತೆಗೋಲು ಕಟ್ಟೆಯ ಹತ್ತಿರ ಬಂದು ನಿಂತಿತು. ಯಾರೂ ಬಾರದ ಮನೆಗೆ ಕಟ್ಟೆ ಯಾಕೆ ಬೇಕು? ಅದು ಇರುವುದೇ ಮಂದಿಗಾಗಿ. ಕಾಯಿಪಲ್ಲೆಯವಳು ಬುಟ್ಟಿ ಇಳಿಸಿ ಸೆರಗಿನಿಂದ ಗಾಳಿ ಹಾಕಿಕೊಳ್ಳುವುದು ಅಲ್ಲಿ, ನಾರಾಯಣಖೇಡದ ಬಸ್ಸಿಗೆ ಹೊರಟ ಮುದುಕರು ಉಸಿರು ಬಿಡುವುದು ಅಲ್ಲಿ. ಸೀಲಿಂಗೂ ಮಂದಿಗಾಗಿಯೇ, ಕಟ್ಟೆಯೂ ಮಂದಿಗಾಗಿಯೇ. ಒಂದನ್ನು ಕತ್ತೆತ್ತಿ ನೋಡಿ ಹೋಗುತ್ತಾರೆ, ಇನ್ನೊಂದರ ಮೇಲೆ ಕೂತು ಹೋಗುತ್ತಾರೆ. ಶರಣರ ನಾಡಿನ ಮಗ್ಗುಲಲ್ಲಿರುವ ನಮಗೆ ಸ್ಥಾವರ-ಜಂಗಮದ ಮಾತು ಹೊಸದಲ್ಲ.

ಇನ್ನೊಂದು ಕಾರಣ ನನ್ನದೇ. 1956ರವರೆಗೆ ಜಹೀರಾಬಾದ, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾದಲ್ಲಿ. ಆಮೇಲೆ ಆಂಧ್ರಪ್ರದೇಶ, ಈಗ ತೆಲಂಗಾಣ. 2016ರಲ್ಲಿ ಜಿಲ್ಲೆಗಳೂ ಬದಲಾದವು. ನಮ್ಮ ಓಣಿಯ ಹುಡುಗರಿಗೆ ಶಾಲೆಯಲ್ಲಿ ತೆಲುಗು, ಇಂಗ್ಲಿಷ್, ಬಜಾರದಲ್ಲಿ ಉರ್ದು. ಕನ್ನಡ ಅವರ ಕಿವಿಗೆ ಬೀಳುವುದು ಅಡುಗೆಮನೆಯಲ್ಲಿ ಮತ್ತು ಕಟ್ಟೆಯ ಮೇಲೆ. ಅಡುಗೆಮನೆಗೆ ಹೊರಗಿನವರು ಬರುವುದಿಲ್ಲ. ಕಟ್ಟೆ ಹೋದರೆ ಒಂದು ಓಣಿಯ ಮಾತು ಎಲ್ಲಿ ಕೂಡಬೇಕು?

ತಮ್ಮನೂ ಸುಮ್ಮನೆ ಬಿಡುವವನಲ್ಲ. "ಗಾಡಿ ಓಣ್ಯಾಗ ನಿಲ್ಲಿಸಿದ್ರ ಬರೋ ಹೋಗೋರಿಗೆಲ್ಲ ಅಡ್ಡ ಆಗ್ತದ. ಅದೂ ಮಂದಿ ಮಾತೇ ಅಲ್ಲೇನು? ಮತ್ತ ಖರೀದಿ ಪತ್ರದಾಗ ಕಟ್ಟಿ ನನ್ನ ಹೆಸರೀಲೇ ಅದ." ಎರಡೂ ಖರೆ. ಆದರೆ ಪತ್ರ ಹೇಳುವುದು ಕಟ್ಟೆ ಯಾರದು ಅಂತ. ಇಷ್ಟು ವರ್ಷ ಕೂತವರದು ಅದರಲ್ಲಿ ಏನಾದರೂ ಪಾಲಿದೆಯೇ ಅಂತ ಅದು ಹೇಳುವುದಿಲ್ಲ. ಪಾಲಿದೆ ಅಂತ ನಾನು ಅಂದೆ. ಅವನು ಒಪ್ಪಲೂ ಇಲ್ಲ, ಜಗಳಕ್ಕೂ ಬರಲಿಲ್ಲ.

ಗೌಂಡಿ ಬಂದು ಅಳೆದ. ಕಟ್ಟೆ ಹನ್ನೊಂದು ಫೂಟು. ಗಾಡಿ ಒಳಗೆ ಏರಿಸಲು ಮೂರೂವರೆ ಫೂಟು ಕಡಿದು ಇಳಿಜಾರು ಮಾಡಿದರೆ ಸಾಕಂತೆ. ಯಾವ ಕಡೆ ಕಡಿಯಬೇಕು ಅಂತ ಕೇಳಿದ. ಒಳಗಿಂದ ಅವ್ವ ಕೂಗಿ ಹೇಳಿದಳು, "ಗಟಾರ ಕಡಿಗೆ ಕಡೀರಿ. ಬೇವಿನ ಗಿಡದ ಕಡಿ ಮುಟ್ಟಬ್ಯಾಡ್ರಿ, ಮಧ್ಯಾಹ್ನ ನೆಳ್ಳು ಬೀಳೋದು ಅಲ್ಲೇ."