ಇದ್ದದ್ದರ ಇಲ್ಲದಿರುವಿಕೆ

ಡಾಸ್‌ ಕಾಲದ ಸಿಮ್‌ಸಿಟಿ ಆಟ, ಬಿಟ್ಟುಕೊಟ್ಟ ಮೆಮೊರಿಯನ್ನೇ ಮತ್ತೆ ಓದುತ್ತಿತ್ತು. ಡಾಸ್‌ನಲ್ಲಿ ಆ ಜಾಗಕ್ಕೆ ಬೇರೆ ಯಾರೂ ಬರುತ್ತಿರಲಿಲ್ಲ, ಹಳೆಯ ಅಂಕಿಗಳು ಹಾಗೇ ಕೂತಿರುತ್ತಿದ್ದವು. ವಿಂಡೋಸ್‌ನಲ್ಲಿ ಆಟ ಕುಸಿಯಿತು. ಕೊನೆಗೆ ತಿದ್ದಿದ್ದು ಆಟವನ್ನಲ್ಲ, ವಿಂಡೋಸ್‌ 95 ಅನ್ನು! ಸಿಮ್‌ಸಿಟಿ ಓಡುತ್ತಿದ್ದರೆ ಖಾಲಿಯಾದ ಮೆಮೊರಿ ತಕ್ಷಣ ಬೇರೆಯವರ ಪಾಲಾಗುತ್ತಿರಲಿಲ್ಲ.

ಬಿಟ್ಟುಕೊಟ್ಟ ಮೆಮೊರಿಯ ಕಥೆ ಇಷ್ಟೇ: ವಿಳಾಸ ಉಂಟು, ಮನೆ ಇಲ್ಲ. ಹಾಗಾದರೆ ವಿಳಾಸವೇ ಸುಳ್ಳೇ? ಅದ್ವೈತಿಗಳ ಹಗ್ಗ–ಹಾವಿನ ದೃಷ್ಟಾಂತ ಇಲ್ಲಿ ಹೊಂದದು. ಅಲ್ಲಿ ಹಾವು ಎಂದೂ ಇರಲಿಲ್ಲ. ಇಲ್ಲಿ ಇತ್ತು, ಹೋಯಿತು. ನ್ಯಾಯದರ್ಶನದ ನೈಯಾಯಿಕರೇ ವಾಸಿ: ಇದ್ದು ನಾಶವಾದದ್ದರ ಇಲ್ಲದಿರುವಿಕೆಗೆ ಪ್ರಧ್ವಂಸಾಭಾವವೆಂಬ ಪ್ರತ್ಯೇಕ ಹೆಸರನ್ನೇ ಇಟ್ಟರು.

ಅಭಾವ ಎಂದೊಡನೆ ‘ಯಾವುದರ ಅಭಾವ?’ ಎಂದು ಅವರು ಕೇಳುವ ಪ್ರಶ್ನೆ ಶೇರ್ಡ್‌ ಲೈಬ್ರರಿಗೂ ಸಲ್ಲುತ್ತದೆ. ಗ್ಲಿಬ್‌ಸಿ ಎಂಬ ಸಿ ಲೈಬ್ರರಿಯನ್ನು ನಂಬಿದ ಪ್ರೋಗ್ರಾಂ ಅನ್ನು, ಅದರ ಬದಲು ಮಸಲ್‌ ಎಂಬ ಲೈಬ್ರರಿ ಬಳಸುವ ಆಲ್ಪೈನ್‌ ಲಿನಕ್ಸ್‌ಗೆ ಒಯ್ದರೆ, ಫೈಲು ಕಣ್ಣೆದುರೇ ಇದ್ದರೂ ‘ನಾಟ್‌ ಫೌಂಡ್‌’ ಎಂಬ ಉತ್ತರ. ಕಾಣೆಯಾದದ್ದು ಅದನ್ನು ಎಬ್ಬಿಸಬೇಕಾದ ಲೋಡರ್‌. ಅದರ ಹೆಸರು ಫೈಲಿನೊಳಗೇ ಬರೆದಿರುತ್ತದೆ.