ಕಳವಳದ ಕಾಲದಲ್ಲಿ ಭಗವಂತನ ನೆನಪು

ಸುಖವಾಗಿರುವಾಗ ದೇವರ ಧ್ಯಾನ ಮಾಡೋದು ಅಷ್ಟೇನೂ ಕಷ್ಟವಲ್ಲ. ಮನೆಯಲ್ಲಿ ಕಾಯಿಲೆ, ತಲೆಯ ಮೇಲೆ ಸಾಲ, ಊರಿನಲ್ಲಿ ಗಲಭೆ ಇರುವಾಗ ಮನಸ್ಸನ್ನು ಭಗವಂತನಲ್ಲಿ ನಿಲ್ಲಿಸುವುದು ಹೇಗೆ? ಬೆಟ್ಟ ಹತ್ತಿ ಬರುವ ಭಕ್ತರಲ್ಲಿ ಎಷ್ಟೋ ಜನ ಈ ಪ್ರಶ್ನೆಯನ್ನೇ ಹೊತ್ತು ಬಂದಿರುತ್ತಾರೆ. ಇದಕ್ಕೆ ಹಿರಿಯರು ಶ್ರೀರಂಗದ ಒಂದು ಪ್ರಸಂಗ ಹೇಳುತ್ತಾರೆ. ಅದಕ್ಕೂ ನಮ್ಮ ಮೇಲುಕೋಟೆಗೂ ನಂಟುಂಟು.

1323ರಲ್ಲಿ ದೆಹಲಿ ಸುಲ್ತಾನರ ಸೈನ್ಯ ಶ್ರೀರಂಗದ ಮೇಲೆ ಬಿತ್ತು. 1311ರಲ್ಲೇ ಒಮ್ಮೆ ಲೂಟಿ ಕಂಡಿದ್ದ ಕ್ಷೇತ್ರ ಅದು. ಸುದ್ದಿ ಬಂದಾಗ "ಸ್ವಾಮಿ, ನೀನೇ ನೋಡಿಕೋ" ಅಂತ ಅಲ್ಲಿಯವರು ಕೈಕಟ್ಟಿ ಕೂರಲಿಲ್ಲ. ಮೂಲಮೂರ್ತಿಯ ಮುಂದೆ ಗೋಡೆ ಎಬ್ಬಿಸಿ ಮರೆಮಾಡಿದರು. ಮುಪ್ಪಿನ ವಯಸ್ಸಿನ ಪಿಳ್ಳೈ ಲೋಕಾಚಾರ್ಯರು ಉತ್ಸವಮೂರ್ತಿಯನ್ನು ಪಲ್ಲಕ್ಕಿಯಲ್ಲಿಟ್ಟುಕೊಂಡು ಕಾಡುದಾರಿ ಹಿಡಿದರು. ದಾರಿಯಲ್ಲಿ ಕಳ್ಳರ ಕಾಟ ಬೇರೆ. ಮಧುರೆಯ ಹತ್ತಿರ ಜ್ಯೋತಿಷ್ಕುಡಿಯಲ್ಲಿ ಆಚಾರ್ಯರು ದೇಹ ಬಿಟ್ಟರು. ಪಲ್ಲಕ್ಕಿ ಮಾತ್ರ ಮುಂದೆ ಸಾಗಿತು.

ಇತ್ತ ವೇದಾಂತ ದೇಶಿಕರ ಪಾಡೇನು? ಶ್ರೀಭಾಷ್ಯಕ್ಕೆ ಸುದರ್ಶನ ಸೂರಿಗಳು ಬರೆದ ಶ್ರುತಪ್ರಕಾಶಿಕೆಯ ಓಲೆಕಟ್ಟು, ಸೂರಿಗಳ ಇಬ್ಬರು ಪುಟ್ಟ ಮಕ್ಕಳು, ಇಷ್ಟೂ ಅವರ ಪಾಲಿಗೆ ಬಂತು. ಇರುಳೆಲ್ಲ ಹೆಣಗಳ ನಡುವೆ ಸತ್ತವರಂತೆ ಮಲಗಿ ಮಕ್ಕಳನ್ನೂ ಗ್ರಂಥವನ್ನೂ ಉಳಿಸಿಕೊಂಡರು ಎನ್ನುತ್ತದೆ ಪರಂಪರೆ. ಧ್ಯಾನ ಅಂದರೆ ಕಣ್ಣುಮುಚ್ಚಿ ಕೂರೋದು ಅಂತಷ್ಟೇ ತಿಳಿದವರು ಆ ರಾತ್ರಿಯನ್ನು ಒಮ್ಮೆ ನೆನೆಯಬೇಕು. ಮಗು ಅತ್ತರೆ ಎಲ್ಲರ ಪ್ರಾಣವೂ ಹೋದಂತೆ. ಅಲ್ಲಿ ಜಪಮಾಲೆ ಇಲ್ಲ, ದೀಪ ಇಲ್ಲ. ಭಗವಂತನಿಗೆ ಸೇರಿದ್ದು ಕೈಯಲ್ಲಿದೆ, ಅದನ್ನು ಬಿಡಬಾರದು, ಅಷ್ಟೇ.

ಬೆಳಗಾದ ಮೇಲೆ ಅವರು ಹೊರಟು ಬಂದದ್ದು ಕನ್ನಡನಾಡಿಗೆ. ಕೊಳ್ಳೇಗಾಲದ ಹತ್ತಿರ, ಕಾವೇರಿ ದಂಡೆಯ ಸತ್ಯಾಗಾಲದಲ್ಲಿ ನೆಲೆ ನಿಂತರು. ಮೇಲುಕೋಟೆಯಲ್ಲೂ ಇದ್ದರೆನ್ನುತ್ತಾರೆ. ಶ್ರೀರಂಗದಲ್ಲಿ ಹರಿಯುವ ಕಾವೇರಿಯೇ ಇಲ್ಲೂ ಹರಿಯುತ್ತಿದ್ದಳು, ರಂಗನಾಥ ಮಾತ್ರ ಕಣ್ಣಿಗಿಲ್ಲ. ಆ ಸಂಕಟದಲ್ಲೇ ಅವರು ರಚಿಸಿದ್ದು ಅಭೀತಿಸ್ತವ. ಅಭೀತಿ ಎಂದರೆ ಭಯವಿಲ್ಲದಿರುವುದು. ಹೋದ ಮನೆ, ಹೋದ ಮಾನಮರ್ಯಾದೆ ಅವರು ಬೇಡಲಿಲ್ಲ. ಭಯ ತೊಲಗಲಿ, ಶ್ರೀರಂಗಕ್ಕೆ ಕ್ಷೇಮವಾಗಲಿ ಎಂದು ಬೇಡಿದರು.

ಅತ್ತ ಪಲ್ಲಕ್ಕಿ ಊರೂರು ಅಲೆಯುತ್ತಿತ್ತು. ಗುಂಡ್ಲುಪೇಟೆ ಸೀಮೆಯ ತೆರಕಣಾಂಬಿ, ಆಮೇಲೆ ಮೇಲುಕೋಟೆ, ಅಲ್ಲಿಂದ ತಿರುಮಲೆ. ಕೊನೆಗೆ 1371ರಲ್ಲಿ ವಿಜಯನಗರದ ಅಧಿಕಾರಿ ಗೋಪಣ್ಣ ಮೂರ್ತಿಯನ್ನು ಶ್ರೀರಂಗಕ್ಕೆ ಮರಳಿ ಕರೆತಂದ. 48 ವರ್ಷ! ಹೊತ್ತು ಹೊರಟವರಲ್ಲಿ ಎಷ್ಟು ಜನ ಉಳಿದಿದ್ದರೋ.

ತಂದ ಮೇಲೆ ಇನ್ನೊಂದು ಪೇಚು. ಈ ನಡುವೆ ಬೇರೊಂದು ಉತ್ಸವಮೂರ್ತಿಯನ್ನು ಇಟ್ಟು ಪೂಜೆ ನಡೆಸಿದ್ದರು. ಹಳೆಯದು ಯಾವುದು, ಇದೇ ಅದು ಅಂತ ಹೇಳೋರು ಯಾರು? ಆಗ ಊರಿನಲ್ಲೊಬ್ಬ ಮುದುಕ ಮಡಿವಾಳ ಇದ್ದನಂತೆ. ಹಿಂದೆ ಸ್ವಾಮಿಯ ವಸ್ತ್ರ ಒಗೆಯುತ್ತಿದ್ದವ. ಈಗ ಎರಡು ಕಣ್ಣೂ ಕಾಣದು. ಮೂರ್ತಿಗಳಿಗೆ ಅಭಿಷೇಕ ಮಾಡಿಸಿ, ಒದ್ದೆ ವಸ್ತ್ರ ಹಿಂಡಿದ ತೀರ್ಥವನ್ನು ತನಗೆ ಕೊಡಿ ಅಂದ. ಒಂದನ್ನು ಬಾಯಿಗಿಟ್ಟ, ಸುಮ್ಮನಿದ್ದ. ಇನ್ನೊಂದನ್ನು ಬಾಯಿಗಿಟ್ಟದ್ದೇ ತಡ, "ಇವರೇ ನಂ ಪೆರುಮಾಳ್" ಅಂತ ಕೂಗಿಕೊಂಡ. "ಇವರೇ ನಮ್ಮ ಸ್ವಾಮಿ" ಅಂತ. ಶ್ರೀರಂಗದ ಉತ್ಸವಮೂರ್ತಿಯನ್ನು ಇವತ್ತಿಗೂ ನಂಪೆರುಮಾಳ್ ಎಂದೇ ಕರೆಯುತ್ತಾರೆ.