ನಲವತ್ತರ ಸರಿಗಮ

ನಲವತ್ತು ದಾಟಿದ ಮೇಲೆ ಸಂಗೀತ ಕಲಿಯಹೊರಟವನಿಗೆ ಲೋಕ ಎರಡು ಪ್ರಶ್ನೆ ಕೇಳುತ್ತದೆ. ‘ಈಗ ಕಲಿತು ಏನು ಮಾಡುತ್ತೀರಿ?’ ಎಂಬುದೊಂದು, ‘ನಿಮ್ಮ ಕಚೇರಿ ಯಾವಾಗ?’ ಎಂಬುದು ಇನ್ನೊಂದು. ನಮ್ಮಂಥವರಿಗೆ ಕಚೇರಿಯೆಂದರೆ ಹತ್ತು ಗಂಟೆಗೆ ಹಾಜರಿ ಹಾಕುವುದು! ಪ್ರಶ್ನೆ ಎರಡಾದರೂ ಒಳಗಿನ ಮಾತು ಒಂದೇ: ಕಲಿತದ್ದರಿಂದ ಏನಾದರೂ ಗಿಟ್ಟಬೇಕು, ದುಡ್ಡಲ್ಲದಿದ್ದರೆ ಚಪ್ಪಾಳೆಯಾದರೂ. ರಾಯಚೂರಿನಲ್ಲಿ ಹಗಲೆಲ್ಲ ಹತ್ತಿಯ ಲೆಕ್ಕ ಬರೆದು, ಬೆಳಗಿನ ಜಾವ ಹಾರ್ಮೋನಿಯಂ ಮುಂದೆ ಕುಳಿತು ‘ಸಾ’ ಹಿಡಿಯಲು ಹೆಣಗುವ ನನ್ನಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಕಳೆದ ಶ್ರಾವಣದಲ್ಲಿ ಕಲ್ಲೂರಿಗೆ, ನಂಟರ ಮನೆಗೆ ಹೋಗಿದ್ದೆ. ರಾತ್ರಿ ಊಟವಾದ ಮೇಲೆ ಭಜನೆ ಕೂಡಿತು. ಹಗಲು ಹೊಲದಲ್ಲಿ ಎಡೆ ಹೊಡೆದು ಬಂದವರು, ಕಿರಾಣಿ ಅಂಗಡಿ ಮುಚ್ಚಿ ಬಂದವರು, ಊರಿನ ಸಿಂಪಿಗರೊಬ್ಬರು. ದಾಸರ ಪದವಾಯಿತು, ತತ್ವಪದವಾಯಿತು. ಶ್ರುತಿ ಆಗಾಗ ತಪ್ಪುತ್ತಿತ್ತು. ಸಿಂಪಿಗರ ತಾಳ ಮಾತ್ರ ಅವರ ಕತ್ತರಿಯ ಹಾಗೆ ನೇರ. ಇವರನ್ನು ‘ಮುಂದೇನು?’ ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಹಾಡುವುದು ಅವರಿಗೆ ಉಪವೃತ್ತಿಯೂ ಅಲ್ಲ, ಹವ್ಯಾಸವೂ ಅಲ್ಲ. ದಿನ ಮುಗಿಯುವ ಒಂದು ರೀತಿ.

ಈ ಸೀಮೆಯೇ ಅಂಥದು. ಮಾನ್ವಿಯ ಕಡೆಯ ಚೀಕಲಪರವಿ ವಿಜಯದಾಸರ (1682–1755) ಊರು. ದೇವದುರ್ಗದ ಕಡೆಯ ಮೊಸರಕಲ್ಲು ಗೋಪಾಲದಾಸರದು. ಬ್ಯಾಗವಟ್ಟಿಯ ಶ್ರೀನಿವಾಸಾಚಾರ್ಯರು ಸಂಸ್ಕೃತದ ದೊಡ್ಡ ಪಂಡಿತರು. ಕನ್ನಡದ ಪದಗಳೆಂದರೆ ಅವರಿಗೆ ಮೊದಲು ತಾತ್ಸಾರವಿತ್ತೆಂದು ಐತಿಹ್ಯ. ಅವರೇ ಮುಂದೆ ಜಗನ್ನಾಥದಾಸರಾಗಿ (1728–1809) ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ ಬರೆದರು. ಇನ್ನು ಪುರಂದರದಾಸರ ಕಥೆ ಎಲ್ಲರಿಗೂ ಗೊತ್ತಿರುವುದೇ. ತಕ್ಕಡಿ ಹಿಡಿದಿದ್ದ ವ್ಯಾಪಾರಿ ನಡುವಯಸ್ಸಿನಲ್ಲಿ ತಂಬೂರಿ ಹಿಡಿದರು. ಕರ್ನಾಟಕ ಪದ್ಧತಿಯಲ್ಲಿ ಎಳೆಯ ಮಕ್ಕಳಿಗೆ ಕಲಿಸುವ ಸರಳೆ, ಜಂಟಿ ವರಸೆಗಳನ್ನು ಮಾಯಾಮಾಳವಗೌಳದಲ್ಲಿ ಕಟ್ಟಿಕೊಟ್ಟವರು ಅವರೇ ಎಂದು ಸಂಪ್ರದಾಯ ಹೇಳುತ್ತದೆ. ತಡವಾಗಿ ಬಂದವರೇ ಮೊದಲ ಪಾಠ ಬರೆದರೆನ್ನುವುದು ನನ್ನಂಥವನಿಗೆ ಎಷ್ಟು ಸಮಾಧಾನ!

ಆದರೆ ಆ ಸಮಾಧಾನ ನಿಲ್ಲುವುದಿಲ್ಲ. ದಾಸರು ಅಂಗಡಿಯನ್ನು ಬಿಟ್ಟರು. ನಾನು ಬಿಡಲಾರೆ; ಮಗಳ ಕಾಲೇಜಿನ ಫೀಜು ಕಟ್ಟಬೇಕು. ಬಿಡದೆ ಹಾಡಿದವನಿಗೆ ನೆರೆಯಲ್ಲಿ ಉದಾಹರಣೆ ಸಿಗದೆ ನಾನು ರಷ್ಯದವರೆಗೆ ಹೋದೆ. ಬೊರೊದಿನ್ ಎಂಬಾತ ಪೀಟರ್ಸ್‌ಬರ್ಗಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕ. ಪ್ರಯೋಗಶಾಲೆ, ಸಭೆ, ವಿದ್ಯಾರ್ಥಿಗಳು, ಹೆಣ್ಣುಮಕ್ಕಳ ವೈದ್ಯಶಿಕ್ಷಣದ ಕೆಲಸ ಇವುಗಳ ನಡುವೆ ಕಾಯಿಲೆ ಬಿದ್ದು ಮನೆಯಲ್ಲಿ ಉಳಿದಾಗಲೇ ಆತನಿಗೆ ಸಂಗೀತ ಬರೆಯಲು ಪುರಸೊತ್ತು. 1869ರಲ್ಲಿ ತೊಡಗಿದ ‘ಪ್ರಿನ್ಸ್ ಇಗೋರ್’ ಎಂಬ ಗೀತನಾಟಕ 1887ರಲ್ಲಿ ಆತ ತೀರಿಕೊಂಡಾಗಲೂ ಮುಗಿದಿರಲಿಲ್ಲ, ಗೆಳೆಯರು ಮುಗಿಸಿದರು. ಹದಿನೆಂಟು ವರ್ಷ! ಇದನ್ನು ಸೋಲೆನ್ನುವವರು ಎನ್ನಲಿ. ಎರಡು ನಿಷ್ಠೆಗಳನ್ನು ಹೊತ್ತವನ ಕೆಲಸ ಅರ್ಧಕ್ಕೆ ನಿಲ್ಲಬಹುದು; ಅದಕ್ಕೆ ನಾಚಬೇಕಾದದ್ದಿಲ್ಲ ಎಂದು ನನಗೆ ತೋರಿತು.

ಈ ತತ್ತ್ವವನ್ನು ಒಂದು ಬೆಳಿಗ್ಗೆ ಮನೆಯಲ್ಲಿ ವಿಸ್ತರಿಸಿ ಹೇಳಿದೆ. ಆಕೆ ಕೊಡ ಹಿಡಿದು ನಿಂತೇ ಕೇಳಿದಳು.

“ಎಲ್ಲಾ ಖರೆ ಐತ್ರಿ. ನೀವು ಹಾಡಿಕೋಂತ ಕುಂತ್ರ ನೀರು ಯಾರು ತುಂಬಬೇಕು?”

ನಮ್ಮ ಓಣಿಗೆ ನಲ್ಲಿ ಬರುವುದು ಅದೇ ಜಾವದಲ್ಲಿ. ನಾನು ಭೈರವದ ಕೋಮಲ ರಿಷಭಕ್ಕಾಗಿ ಒದ್ದಾಡುವಷ್ಟು ಹೊತ್ತೂ ಆಕೆ ಕೊಡದ ಮೇಲೆ ಕೊಡ ಹೊತ್ತು ಹಂಡೆ ತುಂಬಿಸುತ್ತಿದ್ದಳು. ‘ನನ್ನ ಒಂದು ಗಂಟೆ’ ಎಂದು ನಾನು ಹೆಮ್ಮೆಪಡುತ್ತಿದ್ದುದು ಆಕೆಯ ಗಂಟೆ. ಇನ್ನೊಂದು ಸಂಗತಿಯೂ ಆಗ ನೆನಪಾಯಿತು. ಮದುವೆಗೆ ಮುಂಚೆ ತವರಿನಲ್ಲಿ ಆಕೆ ಎರಡು ವರ್ಷ ಹಾಡು ಕಲಿತಿದ್ದಳು. ಇಲ್ಲಿಗೆ ಬಂದ ಮೇಲೆ ಬಿಟ್ಟಳು. ವ್ಯಾಪಾರ ಬಿಟ್ಟು ಹಾಡು ಹಿಡಿದವರನ್ನು ಐನೂರು ವರ್ಷ ನೆನೆಯುತ್ತೇವೆ. ಹಾಡು ಬಿಟ್ಟು ಕೊಡ ಹಿಡಿದವಳನ್ನು ‘ಯಾಕೆ ಬಿಟ್ಟೆ?’ ಎಂದು ನಾನೇ ಇಪ್ಪತ್ತು ವರ್ಷ ಕೇಳಲಿಲ್ಲ. ಕಲ್ಲೂರಿನ ಭಜನೆಯನ್ನು ಮತ್ತೆ ಕಣ್ಣಮುಂದೆ ತಂದುಕೊಂಡೆ: ಹಾಡುತ್ತಿದ್ದವರೆಲ್ಲ ಗಂಡಸರು. ಒಳಗೆ ಮುಸುರೆ ತಿಕ್ಕುವ ಸಪ್ಪಳ ನನಗೆ ಅಂದು ಕೇಳಿಸಿಯೇ ಇರಲಿಲ್ಲ.

ವಯಸ್ಸಾದ ಮೇಲೆ ಕಲಿಯುವುದು ಸರಿಯೇ, ವೃತ್ತಿಯ ಜೊತೆಗೆ ಕಲೆ ಸಾಗೀತೇ ಎಂದು ತಲೆ ಕೆಡಿಸಿಕೊಂಡವನಿಗೆ, ಆ ಹೊತ್ತು ಯಾರದು ಎಂಬ ಪ್ರಶ್ನೆಯೇ ಹೊಳೆದಿರಲಿಲ್ಲ. ಬೊರೊದಿನ್ನನ ಮನೆಯಲ್ಲಿ ನೀರು ಯಾರು ತರುತ್ತಿದ್ದರೋ!

ಈಗ ಸರದಿ ಮಾಡಿಕೊಂಡಿದ್ದೇವೆ. ಒಂದು ದಿನ ನಾನು, ಒಂದು ದಿನ ಆಕೆ. ಮೊದಲ ವಾರ ಆಕೆ ಒಲ್ಲೆನೆಂದಳು, ದನಿ ಹೋಗಿದೆ ಎಂದಳು, ಹಾರ್ಮೋನಿಯಂ ಧೂಳು ಒರೆಸಿ ಎದ್ದುಬಿಟ್ಟಳು. ನಿನ್ನೆ ನಾನು ಐದನೆಯ ಕೊಡ ಇಳಿಸುತ್ತಿದ್ದಾಗ ಒಳಗಿನಿಂದ ರಿಷಭ ಕೇಳಿಸಿತು. ನನಗೆ ಎಂಟು ತಿಂಗಳಿಂದ ಸಿಗದಿದ್ದ ರಿಷಭ. ಅಷ್ಟೇ ಮೆತ್ತಗೆ, ಅದೇ ಜಾಗದಲ್ಲಿ ನಿಂತಿತ್ತು. ನಲ್ಲಿಯ ಸದ್ದು ಅಡ್ಡಿಯಾದೀತೆಂದು ನಾನು ಅದನ್ನು ಸಣ್ಣಗೆ ತಿರುಗಿಸಿದೆ. ಹಂಡೆ ತುಂಬಲು ಅಂದು ಬಹಳ ಹೊತ್ತು ಹಿಡಿಯಿತು.